ಕೆಂಪು ಟ್ರಕ್ಕಿನ ಬೆನ್ನು

ಟ್ರಕ್ಕಿನಂಗಡಿಯೊಳಗೆ ಕಾಲಿಟ್ಟ ಕೂಡಲೇ ಅರ್ಲೀನ್ ಅಂಗೈಯಿಂದ ಮೂಗು ಒತ್ತಿಕೊಂಡಳು. ಹೊಸ ಟೈರಿನ ವಾಸನೆ, ಬೆಳಗ್ಗೆಯಿಂದ ಕುದ್ದು ಕಹಿಯಾದ ಕಾಫಿಯ ವಾಸನೆ, ಅದೆಲ್ಲದರ ಮೇಲೆ ಅಲ್ಲಿನ ಗಂಡಸರು ಬಳಿದುಕೊಂಡ ಸೆಂಟು. ಹೊರಗೆ ಜೂನ್ ತಿಂಗಳ ಸೆಖೆಗೆ ಡಾಂಬರು ಮೆತ್ತಗಾಗಿತ್ತು. ಒಳಗೆ ಮೀನಿನ ಐಸ್ ಪೆಟ್ಟಿಗೆಯೊಳಗೆ ಕೂತಷ್ಟು ಚಳಿ. ಅವಳ ಗಂಡ ಆಲ್ಸೀಡ್ ಮಾತ್ರ ಚರ್ಚಿನೊಳಗೆ ಬಂದವನಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವರು ಲೇಕ್ ಚಾರ್ಲ್ಸ್ ಪಟ್ಟಣದ ಆ ಅಂಗಡಿಗೆ ಬಂದದ್ದು ಶೋಕಿಗಲ್ಲ. ಹಿಂದಿನ ದೊಡ್ಡ ಚಂಡಮಾರುತ ಕ್ರಿಯೋಲ್ ಊರಿನ ಅವರ ಮನೆಯಲ್ಲಿ ತಳದ ಸಿಮೆಂಟು ಹಾಸನ್ನು ಬಿಟ್ಟು ಉಳಿದದ್ದನ್ನೆಲ್ಲ ಜೌಗಿಗೆ ಒಯ್ದಿತ್ತು. ಈಗ ಆ ಹಾಸಿನ ಪಕ್ಕದಲ್ಲೇ ಅವರ ಟ್ರೇಲರ್ ಮನೆ ನಿಂತಿತ್ತು. ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಚಿಕ್ಕ ಜಾತಿಯದಲ್ಲ; ಮೂತಿಯನ್ನು ಟ್ರಕ್ಕಿನ ತೊಟ್ಟಿಯೊಳಗೇ ಊರಿ ಕೂರುವ, ಫಿಫ್ತ್ ವೀಲ್ ಅನ್ನುವ ದೊಡ್ಡದು. ಅದರೊಳಗೆ ಅರ್ಲೀನಳ ಅತ್ತೆ ಓಲೀಟ್ ಆಕ್ಸಿಜನ್ ಯಂತ್ರದ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಮಲಗುತ್ತಿದ್ದಳು. ಊರು ಖಾಲಿ ಮಾಡಿ ಅಂತ ಹುಕುಂ ಬಂದ ದಿನ ಮುದುಕಿಯನ್ನು ಹಾಸಿಗೆ, ಯಂತ್ರ, ಜನರೇಟರು ಸಮೇತ ಉತ್ತರಕ್ಕೆ ಎಳೆದುಕೊಂಡು ಹೋಗಬೇಕು. ಹಳೇ ಟ್ರಕ್ಕು ಗೇರ್ ಬಾಕ್ಸ್ ಸುಟ್ಟುಕೊಂಡು ಸತ್ತಿತ್ತು. ಬಿರುಗಾಳಿಯ ಕಾಲ ಜೋರಾಗುವ ಮೊದಲು ಇನ್ನೊಂದು ಬೇಕಿತ್ತು.

ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದವನು ಡಡ್ಲಿ, ಆಲ್ಸೀಡನ ಚಿಕ್ಕಪ್ಪನ ಮಗ. ಹಲ್ಲುಗಳನ್ನೆಲ್ಲ ಹೊಸದಾಗಿ ಬೆಳ್ಳಗೆ ಮಾಡಿಸಿಕೊಂಡಿದ್ದ. ಮೊದಲು ಅವರ ಜೊತೆ ಬಂದಿದ್ದ ಓಲೀಟಳ ಕೆನ್ನೆಗೆ ಮುತ್ತಿಟ್ಟು, ಆಮೇಲೆ ಆಲ್ಸೀಡನ ಹೆಗಲ ಮೇಲೆ ಕೈ ಹಾಕಿ, ಅವರನ್ನು ಸೀದಾ ಕೆಂಪು ಟ್ರಕ್ಕಿನ ಮುಂದೆ ತಂದು ನಿಲ್ಲಿಸಿದ. ಗಾಜಿನ ಮಾಡು, ತೊಗಲಿನ ಸೀಟು, ಮುಖ ಕಾಣುವಂಥ ಬಂಪರು.

"ಹೇಗಿದೆ ಅಣ್ಣ? ನಿನ್ನನ್ನ ನೋಡ್ಕೊಂಡೇ ಮಾಡಿದ ಹಾಗಿದೆ."

ಆಲ್ಸೀಡ್ ಕುದುರೆಯ ಕುತ್ತಿಗೆ ಸವರಿದಂತೆ ಅದರ ಬಾಗಿಲು ಸವರಿದ.

"ನಮ್ಮ ಟ್ರೇಲರನ್ನ ಹೊರುತ್ತಾ ಇದು?" ಅಂತ ಅರ್ಲೀನ್ ಕೇಳಿದಳು.

"ಅತ್ತಿಗೆ, ಇದು ಇಡೀ ಕ್ರಿಯೋಲ್ ಊರನ್ನೇ ಕಟ್ಟಿ ಎಳ್ಕೊಂಡು ಹೋಗುತ್ತೆ."

"ಎಳಿಯೋಕೆ ಅಲ್ಲಿ ಊರೆಲ್ಲಿ ಉಳಿದಿದೆ? ಮತ್ತೆ ನಾನು ಎಳಿಯೋದು ಕೇಳಲಿಲ್ಲ. ಹೊರೋದು ಕೇಳಿದೆ."

"ಎರಡೂ ಒಂದೇ ಅಲ್ವಾ."

ಅರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅಕ್ಕಿಮೂಟೆಯನ್ನು ನೆಲದ ಮೇಲೆ ದರದರ ಎಳೆಯುವುದಕ್ಕೂ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತುವುದಕ್ಕೂ ಇರುವ ವ್ಯತ್ಯಾಸ ಅವಳ ಸೊಂಟಕ್ಕೆ ಗೊತ್ತಿತ್ತು. ಹಿಂದಿನ ವಾರ ಪಕ್ಕದೂರಿನವನೊಬ್ಬನ ಟ್ರಕ್ಕಿಗೆ ಹೂಡಿಸಿ, ನೀರಿನ ಟ್ಯಾಂಕು ತುಂಬಿಸಿ, ಜನರೇಟರು, ಸಿಲಿಂಡರು, ಫ್ರೀಜರು ಎಲ್ಲ ಒಳಗಿಟ್ಟು, ಟ್ರೇಲರನ್ನು ಭತ್ತದ ಗೋದಾಮಿನ ವೇಬ್ರಿಡ್ಜಿನ ಮೇಲೆ ತೂಗಿಸಿಯೂ ಇದ್ದಳು. ಅದರ ಮೂತಿಯೇ ಎರಡು ಕೊಬ್ಬಿದ ಹೋರಿಗಳಷ್ಟು ಭಾರ ತಂದು ಟ್ರಕ್ಕಿನ ಬೆನ್ನ ಮೇಲೆ ಹಾಕುತ್ತಿತ್ತು. ಅವಳು ಕೆಂಪು ಟ್ರಕ್ಕಿನ ಬಾಗಿಲು ತೆಗೆದು, ಅದರ ಅಂಚಿಗೆ ಅಂಟಿಸಿದ್ದ ಚೀಟಿ ಓದಿದಳು. ಎಷ್ಟು ಹೊರಬಹುದೆಂದು ಕಾರ್ಖಾನೆಯವರೇ ಬರೆದಿದ್ದರು. ಗಾಜಿನ ಮಾಡನ್ನೂ ತೊಗಲಿನ ಸೀಟನ್ನೂ ಹೊತ್ತೇ ಆ ಟ್ರಕ್ಕಿನ ಬಲ ಅರ್ಧ ತೀರಿಹೋದಂತಿತ್ತು. ಮೂವರು ಒಳಗೆ ಕೂತರೆ ಒಂದು ಹೋರಿಯಷ್ಟು ಭಾರಕ್ಕೂ ಬಲ ಉಳಿಯುತ್ತಿರಲಿಲ್ಲ.

"ಇದನ್ನ ಓದಿದ್ಯಾ ಡಡ್ಲಿ?"

"ಅದು ಕೋರ್ಟಿಗೆ ಹೆದರಿ ಬರೆಯೋದು ಅತ್ತಿಗೆ. ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ." ಹಾಗೆಂದು ಆಲ್ಸೀಡನ ಕಡೆ ತಿರುಗಿ ಕಣ್ಣು ಹೊಡೆದ. ಆಲ್ಸೀಡ್ ನಕ್ಕ. ಅರ್ಲೀನಳಿಗೆ ಮೈಮೇಲೆ ಜಿರಲೆ ಹರಿದಂತಾಯಿತು.

ಅವಳು ಅವರನ್ನು ಬಿಟ್ಟು ಅಂಗಳದ ಹಿಂಬದಿಗೆ ಹೋದಳು. ಅಲ್ಲಿ ಬೇಲಿಯ ಪಕ್ಕ ಬಿಳಿ ಬಣ್ಣದ ಹಳೇ ಡೀಸೆಲ್ ಟ್ರಕ್ಕೊಂದಿತ್ತು. ತೈಲಬಾವಿಯ ಕೆಲಸದಲ್ಲಿದ್ದದ್ದು, ಮೈಯೆಲ್ಲ ತಗ್ಗು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು ಟೈರು, ಭಾರ ತಡೆಯುವ ದಪ್ಪ ಕಮಾನು ಪಟ್ಟೆ. ಬಾಗಿಲಿನ ಚೀಟಿ ಓದಿ, ಒಳಗೆ ಹತ್ತಿ ಕೂತು, ಗಂಡನನ್ನು ಕೂಗಿದಳು. "ಇದು ಸಾಕು ನಮಗೆ."

"ಇದ್ರಲ್ಲಿ ಭಾನುವಾರ ಚರ್ಚ್‌ಗೆ ಹೋಗೋದಾ? ಜನ ಏನಂತಾರೆ?"

"ಇನ್ನೂ ಬದುಕಿದಾರೆ ಅಂತಾರೆ."

ಅಷ್ಟರಲ್ಲಿ ಓಲೀಟಳಿಗೆ ಶೌಚಕ್ಕೆ ಹೋಗಬೇಕಾಯಿತು. ಅರ್ಲೀನ್ ಅತ್ತೆಯ ತೋಳು ಹಿಡಿದು, ಸಿಲಿಂಡರಿನ ಚಿಕ್ಕ ಗಾಡಿ ಎಳೆದುಕೊಂಡು ಒಳಗೆ ಕರೆದೊಯ್ದಳು. ಮುದುಕಿಯ ಕೆಲಸ ನಿಧಾನದ್ದು. ಇಬ್ಬರೂ ಈಚೆ ಬರುವಷ್ಟರಲ್ಲಿ ಅಂಗಡಿಯಲ್ಲಿ ಗಂಟೆ ಮೊಳಗಿತು. ಯಾರಾದರೂ ಟ್ರಕ್ಕು ಕೊಂಡರೆ ಹಿತ್ತಾಳೆ ಗಂಟೆ ಬಾರಿಸುವುದು ಅಲ್ಲಿನ ಪದ್ಧತಿ. ಬಾರಿಸುತ್ತಿದ್ದವನು ಆಲ್ಸೀಡ್. ಸುತ್ತ ನಿಂತ ಮಾರಾಟದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಡಡ್ಲಿ ಫೋಟೊ ಹಿಡಿಯುತ್ತಿದ್ದ. ಹಿಂದೆ ಕೆಂಪು ಟ್ರಕ್ಕು.

ಹೆಂಡತಿಯನ್ನು ಕಂಡು ಆಲ್ಸೀಡ್ ಹಗ್ಗ ಬಿಟ್ಟ. ಬಾಯಲ್ಲಿದ್ದ ನಗು ಎಲ್ಲಿಡಲಿ ಅನ್ನುವಂತೆ ಅತ್ತಿತ್ತ ನೋಡಿದ. ಅತ್ತೆಯ ಜೊತೆ ಬಚ್ಚಲಿಗೆ ಹೋಗದೇ ಇದ್ದಿದ್ದರೆ ಅನ್ನುವ ಮಾತು ಅವಳ ಬಾಯಿಗೆ ಬಂದು, ಆ ಮಾತೇ ಅಸಹ್ಯವೆನಿಸಿ ನುಂಗಿಕೊಂಡಳು.

"ಏನಾಯ್ತೇ?" ಅಂತ ಓಲೀಟ್ ಕೇಳಿದಳು.

"ನಿಮ್ಮ ಮಗ ಆಟದ ಸಾಮಾನು ಕೊಂಡ್ಕೊಂಡ ಅತ್ತೆ."

ಜುಲೈ ತಿಂಗಳೆಲ್ಲ ಆಲ್ಸೀಡ್ ಟ್ರಕ್ಕು ತೊಳೆದ. ಟ್ರೇಲರು ಕಟ್ಟಿ ಒಂದು ಸಲ ನೋಡು ಅಂದರೆ ಇವತ್ತು ಬಿಸಿಲು, ನಾಳೆ ಮಳೆ, ನಾಡಿದ್ದು ಸೀಗಡಿ ದೋಣಿಗೆ ಹೋಗಬೇಕು. ಕೊನೆಗೊಂದು ಭಾನುವಾರ ಅರ್ಲೀನ್ ತಾನೇ ಟ್ರೇಲರಿನ ಮುಂಗಾಲಿನ ಜಾಕು ಇಳಿಸಿ ಮೂತಿಯನ್ನು ತೊಟ್ಟಿಗೆ ಕೂರಿಸಿದಳು. ಟ್ರಕ್ಕಿನ ಹಿಂಭಾಗ ಎಮ್ಮೆ ಕೆಸರಿಗೆ ಕೂತಂತೆ ಕೂತಿತು. ಮುಂದಿನ ದೀಪಗಳು ಆಕಾಶ ನೋಡಿದವು.

ಆಲ್ಸೀಡ್ ಗ್ಯಾರೇಜಿಗೆ ಹೋಗಿ ಹಿಂದಿನ ಗಾಲಿಗಳ ಮೇಲೆ ಗಾಳಿಚೀಲ ಹಾಕಿಸಿಕೊಂಡು ಬಂದ. "ಡಡ್ಲಿನೇ ಹೇಳಿದ್ದು. ನೋಡು, ಈಗ ಸಮ ಆಯ್ತು."

"ಕುಂಟನನ್ನ ಸ್ಟೂಲ್ ಮೇಲೆ ನಿಲ್ಲಿಸಿದ್ರೆ ಎತ್ತರ ಕಾಣ್ತಾನೆ. ಕಾಲು ಗಟ್ಟಿಯಾಗುತ್ತಾ?"

"ನಿನಗೆ ನಾನು ಮಾಡಿದ್ದು ಯಾವತ್ತು ಹಿಡಿಸಿದೆ?"

ಅವಳಿಗೆ ಜಗಳವಾಡಬೇಕೆನಿಸಲಿಲ್ಲ. ಜಗಳಕ್ಕೂ ಎದುರಿಗಿರುವವರ ಮೇಲೆ ಒಂದಿಷ್ಟು ಮರ್ಯಾದೆ ಉಳಿದಿರಬೇಕು.

ಆಗಸ್ಟ್ ಕೊನೆಯಲ್ಲಿ ಕೊಲ್ಲಿಯ ಮೇಲೆ ಬಿರುಗಾಳಿ ಕಟ್ಟಿತು. ಒಂದೇ ದಿನದಲ್ಲಿ ಅದರ ಬಲ ದುಪ್ಪಟ್ಟಾಯಿತು. ಬೆಳಗ್ಗೆ ಶೆರಿಫನ ಜನ ಬೀದಿ ಬೀದಿ ಸುತ್ತಿ, ಮಧ್ಯಾಹ್ನದೊಳಗೆ ಎಲ್ಲರೂ ಹೊರಡಬೇಕು ಅಂತ ಸಾರಿದರು. ಆ ಹೊತ್ತಿನಲ್ಲಿ ಬೇರೆ ಟ್ರಕ್ಕು ಹುಡುಕಲು ಯಾರ ಬಾಗಿಲಿಗೆ ಹೋಗುವುದು? ಎಲ್ಲರೂ ತಮ್ಮ ತಮ್ಮ ಟ್ರೇಲರು, ದೋಣಿ, ದನ ಕಟ್ಟಿಕೊಳ್ಳುತ್ತಿದ್ದರು. ಅರ್ಲೀನ್ ನೀರಿನ ಟ್ಯಾಂಕು ಖಾಲಿ ಮಾಡಿದಳು, ಫ್ರೀಜರಿನ ಸೀಗಡಿಯನ್ನೆಲ್ಲ ಹೊರಗೆಸೆದಳು, ಪಾತ್ರೆಪಗಡ ಇಳಿಸಿದಳು. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದಳು. ಆಲ್ಸೀಡ್ ಸ್ಟೇರಿಂಗು ಹಿಡಿದ.

ಕಾಲುವೆಯ ಮೇಲಿನ ಎತ್ತರದ ಸೇತುವೆ ಹತ್ತುವಾಗ ತೊಂದರೆಯಾಗಲಿಲ್ಲ. ಎಂಜಿನಿಗೆ ಬಲವಿತ್ತು, ಡಡ್ಲಿ ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಇಳಿಯುವಾಗ ಹಿಂದಿನ ಭಾರ ಮುಂದಕ್ಕೆ ನೂಕತೊಡಗಿತು. ಪಕ್ಕದಿಂದ ಗಾಳಿ ಬೀಸಿದಾಗಲೆಲ್ಲ ಟ್ರೇಲರು ಬಾಲ ಬೀಸಿತು, ಟ್ರಕ್ಕಿನ ಹಿಂಭಾಗವೂ ಅದರ ಜೊತೆ ಅತ್ತಿತ್ತ ಸರಿಯಿತು. ಆಲ್ಸೀಡ್ ಬ್ರೇಕು ಒತ್ತಿಯೇ ಇದ್ದ. ಸುಟ್ಟ ನಾತ ಒಳಗೆ ಬಂತು. ಓಲೀಟ್ ಕೆಮ್ಮಲು ಶುರುಮಾಡಿದಳು.

"ನಿಧಾನ," ಅಂದಳು ಅರ್ಲೀನ್.

"ನಾನೇನು ಬೇಕಂತ ಓಡಿಸ್ತಿದೀನಾ? ಅದೇ ಓಡಿಸ್ತಿದೆ ನನ್ನನ್ನ."

ಸೇತುವೆ ದಾಟಿ ಗದ್ದೆ ಬಯಲಿಗೆ ಬಂದ ಮೇಲೆ ಹಿಂದಿನ ಬಲಗಡೆ ಟೈರು ಗುಂಡು ಹೊಡೆದಂತೆ ಸಿಡಿಯಿತು. ಟ್ರಕ್ಕು ಚರಂಡಿಯ ಕಡೆ ಎಳೆಯಿತು. ಆಲ್ಸೀಡ್ ಹೇಗೋ ಹಿಡಿದು, ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಹಿಂದೆ ಕಾರು, ಟ್ರಕ್ಕು, ಕುದುರೆ ತುಂಬಿದ ಟ್ರೇಲರುಗಳ ಸಾಲು ಹಾರ್ನು ಹೊಡೆಯುತ್ತ ಪಕ್ಕಕ್ಕೆ ಸರಿದು ಮುಂದೆ ಹೋಯಿತು. ಒಬ್ಬನೂ ನಿಲ್ಲಲಿಲ್ಲ. ಒಬ್ಬ ಕಿಟಕಿ ಇಳಿಸಿ ಬೈದೂ ಹೋದ.

ಅರ್ಲೀನ್ ಡಡ್ಲಿಗೆ ಫೋನು ಮಾಡಿದಳು. ಕುಟುಂಬದವನಲ್ಲವೇ, ಅಂಗಡಿಯ ಯಾವುದಾದರೂ ಗಟ್ಟಿ ಟ್ರಕ್ಕು ತಂದಾನು ಅಂದುಕೊಂಡಳು.

"ಅಯ್ಯೋ ಅತ್ತಿಗೆ, ನಾನಾಗಲೇ ಉತ್ತರಕ್ಕೆ ಶ್ರೀವ್‌ಪೋರ್ಟ್ ಸೇರಿದೆ. ದೋಣಿ ತಗೊಂಡು ಬಂದ್ಬಿಟ್ಟೆ."

"ನಿನ್ನ ದೋಣಿ ಅಷ್ಟು ದೊಡ್ಡದು. ಯಾವುದರಲ್ಲಿ ಎಳೆದೆ?"

ಡಡ್ಲಿ ನಕ್ಕ. "ಅದೇ, ಹಿಂದೆ ನಿಂತಿತ್ತಲ್ಲ ಬಿಳಿದು. ನೀವು ನೋಡಿದ್ರಲ್ಲ. ಒಳ್ಳೇ ಗಾಡಿ ಕಣ್ರೀ ಅದು, ಹಿಂದೆ ದೋಣಿ ಇದೆ ಅಂತಾನೇ ಗೊತ್ತಾಗ್ಲಿಲ್ಲ."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು, ಅದರೊಳಗಿಂದ ಏನೋ ಸೋರುತ್ತಿದೆ ಅನ್ನುವಂತೆ. ನಂತರ ಅದನ್ನು ಲಂಗಕ್ಕೆ ಒರೆಸಿ ಜೇಬಿಗೆ ಹಾಕಿಕೊಂಡಳು.

ಬೈಕಿನಲ್ಲಿ ಬಂದ ಪೊಲೀಸಿನವನು, ದಾರಿ ಬಿಡದಿದ್ದರೆ ಟ್ರೇಲರನ್ನು ಯಂತ್ರದಿಂದ ಗದ್ದೆಗೆ ನೂಕಿಸುತ್ತೇನೆಂದು ಹೇಳಿ ಹೋದ. ಆಲ್ಸೀಡ್ ಬಿಡಿ ಟೈರು ಇಳಿಸುತ್ತ, "ಇದನ್ನ ಹಾಕಿ ಮೆಲ್ಲಗೆ ಹೋಗ್ತೀನಿ. ಅದು ನಮ್ಮ ಮನೆ ಕಣೆ," ಅಂದ.

"ಟೈರು ಹಾಕು. ಆ ಭತ್ತದ ಗೋದಾಮಿನ ಅಂಗಳ ಅಲ್ಲಿ ಕಾಣ್ತಿದೆಯಲ್ಲ, ಅಲ್ಲಿವರೆಗೆ ತೆವಳಿಸು. ಮನೆ ಅಲ್ಲೇ ಬಿಡ್ತೀವಿ."

"ಬಿಟ್ಟು?"

"ನಿಮ್ಮಮ್ಮನ ಉಸಿರು ಉಳಿಸ್ಕೊಳ್ತೀವಿ."

ಗೋದಾಮಿನ ಮರೆಯಲ್ಲಿ ಟ್ರೇಲರಿನ ಕೊಂಡಿ ಬಿಡಿಸಿ, ಅದರೊಳಗಿದ್ದ ಆಕ್ಸಿಜನ್ ಯಂತ್ರವನ್ನೂ ಸಿಲಿಂಡರುಗಳನ್ನೂ ಜನರೇಟರನ್ನೂ ಟ್ರಕ್ಕಿನ ತೊಟ್ಟಿಗೆ ಹಾಕಿಕೊಂಡರು. ಆಲ್ಸೀಡ್ ಟ್ರೇಲರಿನ ಬಾಗಿಲಿಗೆ ಹಣೆ ಒತ್ತಿ ಅತ್ತ. ಅರ್ಲೀನಳಿಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಅವನ ಕಣ್ಣೀರೂ ಆ ಸೆಂಟಿನಂತೆ ಮೈಗೆ ಅಂಟಿಕೊಳ್ಳುವ ವಸ್ತುವಾಗಿ ಕಂಡಿತು.

ಡಿರಿಡರ್ ಊರಿನ ಚರ್ಚ್ ಸಭಾಂಗಣದಲ್ಲಿ ಬಿರುಗಾಳಿ ಕಳೆದರು. ಓಲೀಟಳಿಗೆ ಜನರೇಟರು ಸಾಕಾಯಿತು, ಹಾಸಿಗೆ ಇರಲಿಲ್ಲ. ಬೆಂಚಿನ ಮೇಲೆ ಕೂತೇ ನಿದ್ದೆ ಮಾಡಿದಳು, ಕಾಲು ಬಾತುಕೊಂಡವು. ಗಾಳಿ ಇಳಿದ ಮೇಲೆ ಹೋಗಿ ನೋಡಿದರೆ ಗೋದಾಮಿನ ತಗಡು ಟ್ರೇಲರಿನ ಮೇಲೆ ಬಿದ್ದು ಅದನ್ನು ಮೀನಿನ ಡಬ್ಬಿ ಸೀಳಿದಂತೆ ಸೀಳಿತ್ತು. ಒಳಗೆಲ್ಲ ಕೆಸರು, ಸತ್ತ ಏಡಿ, ಊದಿದ ಹಾಸಿಗೆ. ಹುಳು ಬಿದ್ದ ಮಾಂಸದಂತೆ ಕೊಳೆತ ನಾತ. ಅರ್ಲೀನ್ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಿಕ್ಕಿದ ನಾಲ್ಕು ಸಾಮಾನು ಎತ್ತಿಕೊಂಡಳು.

ಕರೆಂಟಿಲ್ಲದೆ ಎಲ್ಲರ ಫ್ರೀಜರೂ ಕರಗುತ್ತಿದ್ದುದರಿಂದ, ಆ ವಾರ ಚರ್ಚಿನ ಅಂಗಳದಲ್ಲಿ ಜನ ಇದ್ದಬದ್ದ ಮಾಂಸವನ್ನೆಲ್ಲ ತಂದು ಬೇಯಿಸಿದರು. ಸೌಟು ಅರ್ಲೀನಳ ಕೈಯಲ್ಲಿತ್ತು. ಅಲ್ಲಿಗೆ ಡಡ್ಲಿ ಬಂದ, ಬಿಳಿ ಟ್ರಕ್ಕಿನಲ್ಲೇ, ಐಸು ಮತ್ತು ಬಿಯರು ಹೇರಿಕೊಂಡು. ಎಲ್ಲರನ್ನೂ ತಬ್ಬಿದ. "ಜೀವ ಉಳೀತಲ್ಲ, ಅದು ಮುಖ್ಯ. ಟ್ರೇಲರು ಇವತ್ತು ಹೋದ್ರೆ ನಾಳೆ ಬರುತ್ತೆ. ಏನಂತೀಯ ಅಣ್ಣ? ನಿನ್ನ ಕೆಂಪು ಕುದುರೆಗೆ ಗೀರು ಬಿದ್ದಿಲ್ಲ ತಾನೆ?"

ಆಲ್ಸೀಡ್ ನಕ್ಕ.

ಅರ್ಲೀನ್ ಸೌಟು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಡಡ್ಲಿ ಯಾವ ಜಾತಿಯ ಪ್ರಾಣಿಯೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಅವನ ಮೇಲಿನ ಹೇಸಿಗೆ ಹೊರಗಿನದು, ಕೈತೊಳೆದರೆ ಹೋಗುವಂಥದು. ಈ ನಗು ಹಾಗಲ್ಲ. ಇದು ಅವಳ ಪಕ್ಕದಲ್ಲಿ ಮಲಗುವ ಬಾಯಿಂದ ಬಂದದ್ದು.

ಡಡ್ಲಿ ತಟ್ಟೆ ಚಾಚಿದ. ಅವಳು ಅವನ ಹಿಂದಿದ್ದವರಿಗೆ ಬಡಿಸಿದಳು. ಅವನು ಮತ್ತೆ ಚಾಚಿದ. ಅವಳು ಮತ್ತೆ ಹಿಂದಿದ್ದವರನ್ನು ಕರೆದಳು.

"ಅತ್ತಿಗೆ, ನನಗೆ?"

"ನಿನ್ನ ತಟ್ಟೆಗೆ ಎಷ್ಟು ಬೇಕಾದ್ರೂ ಹಿಡಿಯುತ್ತೆ ಡಡ್ಲಿ. ನನ್ನ ಕೈಲಿ ಹಾಕೋಕಾಗಲ್ಲ."

ಬೆಂಚಿನಿಂದ ಓಲೀಟ್ ಹೇಳಿದಳು: "ಬೇರೆ ಕಡೆ ತಿನ್ನಪ್ಪ. ನಮ್ಮ ಸೊಸೆಗೆ ಸುಸ್ತಾಗಿದೆ."

ಅಕ್ಟೋಬರಿನಲ್ಲಿ ಅರ್ಲೀನ್ ಕೆಂಪು ಟ್ರಕ್ಕಿನ ಕೀಲಿ ತೆಗೆದುಕೊಂಡು, ಗಂಡನಿಗೆ ಒಂದು ಮಾತೂ ಹೇಳದೆ ಜೆನ್ನಿಂಗ್ಸ್ ಊರಿಗೆ ಹೋದಳು. ಸಂಜೆ ಬಂದದ್ದು ಮಾಸಿದ ಕಂದು ಬಣ್ಣದ ಡೀಸೆಲ್ ಟ್ರಕ್ಕಿನಲ್ಲಿ. ದನ ಸಾಗಿಸುವವನ ಕೈಯಿಂದ ಕೊಂಡದ್ದು. ಕೆಂಪು ಟ್ರಕ್ಕು ಅವನ ಮಗಳಿಗಾಯಿತು. ಕಂದು ಟ್ರಕ್ಕಿನ ಕಾಗದದಲ್ಲಿ ಅರ್ಲೀನಳ ಹೆಸರೊಂದೇ ಇತ್ತು.

ಆಲ್ಸೀಡ್ ಸುತ್ತು ಬಂದು ಮೂಗು ಮುಚ್ಚಿಕೊಂಡ. "ಸಗಣಿ ನಾತ ಹೊಡೀತಿದೆಯಲ್ಲೇ."

"ಸಗಣಿ ತೊಳೆದ್ರೆ ಹೋಗುತ್ತೆ."

ಅವನು ಕೀಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವತ್ತಿನಿಂದ ಅವನು ಎಡಗಡೆಯ, ಸ್ಟೇರಿಂಗಿನ ಸೀಟಿಗೆ ಕೂತದ್ದಿಲ್ಲ.

ಮರುವರ್ಷ ಪರಿಹಾರದವರು ಕೊಟ್ಟ ಹಳೇ ಟ್ರೇಲರೊಂದನ್ನು ಕಟ್ಟಿಕೊಂಡು, ಇನ್ನೊಂದು ಬಿರುಗಾಳಿಗೆ ಅವರು ಮತ್ತೆ ಊರು ಬಿಟ್ಟರು. ಟ್ರಕ್ಕು ತಲೆ ತಗ್ಗಿಸಿಕೊಂಡು ಸಾಗಿತು. ಓಲೀಟ್ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದಳು. ದಾರಿಯ ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಂತಾಗ, ಪಕ್ಕದ ಸಾಲಿನಲ್ಲಿದ್ದವನೊಬ್ಬ ಕಂದು ಟ್ರಕ್ಕನ್ನು ಮೆಚ್ಚಿ ನೋಡಿದ. ಆಲ್ಸೀಡ್ ಇಳಿದು ಹೋಗಿ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಎಳಿಯೋದು ಬೇರೆ, ಹೊರೋದು ಬೇರೆ," ಅಂತ ಅವನು ಹೇಳುವುದು ಕಿಟಕಿಯಿಂದ ಕೇಳಿಸಿತು. "ಬಾಗಿಲ ಚೀಟಿ ಓದ್ಬೇಕು ಮೊದಲು. ಡೀಲರುಗಳು ಸಾವಿರ ಹೇಳ್ತಾರೆ. ನಾನೇ ಆರಿಸಿದ್ದು ಇದನ್ನ."

ಅರ್ಲೀನ್ ಕಪ್ಪಿನಲ್ಲಿದ್ದ ಕಾಫಿಯನ್ನು ಕಿಟಕಿಯಾಚೆ ಚೆಲ್ಲಿದಳು. ಎಂಜಿನು ಶುರುಮಾಡಿದಳು.

"ಹತ್ತು," ಅಂದಳು. "ದಾರಿ ಇನ್ನೂ ದೂರ ಇದೆ."