ಲಿಫ್ಟಿನ ಸಿನಿಮಾಕ್ಕೆ ದೋಣಿ ಬರಬೇಕಿತ್ತು

೧

ಈ ಕತೆಯನ್ನು ಎಲ್ಲಿಂದ ಶುರುಮಾಡಲಿ ಎಂದು ನಿಮ್ಮನ್ನೇ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಕತೆಯ ನಾಯಕಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದುಬಿಟ್ಟಳು.

"ಶುರು ಎಲ್ಲಿಂದಾದ್ರೂ ಮಾಡ್ಕೊಳ್ಳಿ ಅಜ್ಜಿ. ಕೊನೆ ಏನು? ಅದನ್ನ ಮೊದಲು ಹೇಳಿ. ಚೆನ್ನಾಗಿದ್ರೆ ಬರ್ತೀನಿ. ಇಲ್ಲಾಂದ್ರೆ ಅಂಗಡೀಲಿ ಗಿರಾಕಿ ಒದ್ದೆ ತಲೇಲಿ ಕೂತಿದಾರೆ."

ಕೊನೆ ನನಗೂ ಗೊತ್ತಿಲ್ಲ ಕಣಮ್ಮ, ಎಂದೆ.

"ಮತ್ತೆ ಪೆನ್ನು ಯಾಕೆ ಹಿಡಿದ್ರಿ?"

(ಕತೆ ಶುರುಮಾಡುವುದು ಹೇಗೆಂದು ಮೇಷ್ಟ್ರು ಹೇಳಿಕೊಟ್ಟ ದಿನ ನಾನು ತರಗತಿಗೆ ಹೋಗಿರಲಿಲ್ಲ. ಮುಗಿಸುವುದು ಹೇಗೆಂದು ಹೇಳಿಕೊಡಬೇಕಾದ ದಿನ ಮೇಷ್ಟ್ರೇ ಬರಲಿಲ್ಲ.)

೨. ಮೊದಲ ಕರಡು

"ಸಂಜೆಯ ಹೊಂಬಿಸಿಲು ಕನ್ನಡಿಯ ಮೇಲೆ ಬಿದ್ದು, ನೆಲದ ಕೂದಲೆಲ್ಲ ಬಂಗಾರದ ಎಳೆಗಳಾಗಿ..."

"ನಮ್ಮಂಗಡಿಗೆ ಬಿಸಿಲೇ ಬೀಳಲ್ಲ," ಎಂದಳು ನಾಯಕಿ. "ಎದುರು ಕಟ್ಟಡ ಅಡ್ಡ. ನೆಲದ ಕೂದಲು ಬಂಗಾರ ಆಗಿದ್ರೆ ನಾನ್ಯಾಕೆ ದಿನಾ ಗುಡಿಸಿ ಚೆಲ್ತಿದ್ದೆ?"

ಹೊಡೆದು ಹಾಕಿದೆ.

೨. ಮತ್ತೊಮ್ಮೆ, ಸಾದಾ ಮಾತಿನಲ್ಲಿ

ಒಂದು ಕೂದಲು ಕತ್ತರಿಸುವ ಅಂಗಡಿ. ಎರಡು ಕುರ್ಚಿ, ಉದ್ದಕ್ಕೊಂದು ಕನ್ನಡಿ. ಬಾಗಿಲ ಕಡೆಯ ಕುರ್ಚಿ ನಮ್ಮ ನಾಯಕಿ ಅಕ್ಕನದು, ಒಳಗಿನದು ಅವಳ ಓರಗಿತ್ತಿಯದು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಅಕ್ಕ ಕೆಳಗಿನ ಮನೆ, ಕಿರಿಯವಳು ಮೇಲಿನ ಮನೆ. ಗಿರಾಕಿಗಳು ಅಕ್ಕನಿಗೆ 'ಕತ್ತರಿ' ಎನ್ನುತ್ತಾರೆ, ಕಿರಿಯವಳಿಗೆ 'ಕರ್ಚೀಫು'. ಕತ್ತರಿ ಎನ್ನುವುದು ಕಸುಬಿಗಿಂತ ಹೆಚ್ಚಾಗಿ ನಾಲಿಗೆಗೆ ಸಂದ ಬಿರುದು. ಕರ್ಚೀಫು ಯಾಕೆಂದರೆ, ಕಿರಿಯವಳು ಯಾವ ಸಿನಿಮಾ ನೋಡಿದರೂ ಅಳುತ್ತಾಳೆ. ನಗೆ ಸಿನಿಮಾಕ್ಕೂ. "ಪಾಪ, ಅಷ್ಟೊಂದು ನಗಿಸೋಕೆ ಎಷ್ಟು ಕಷ್ಟಪಟ್ಟಿರ್ತಾರೆ!"

ಟಿ.ವಿ.ಗೆ ಡಬ್ಬಿಯೊಂದನ್ನು ಸಿಕ್ಕಿಸಿ ಮನೆಯಲ್ಲೇ ಹೊಸ ಸಿನಿಮಾ ನೋಡುವ ಕಾಲ ಬಂದದ್ದೇ ಬಂದದ್ದು, ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಅಲ್ಲಾಡಬಾರದೆಂದು ಹೇಳಿಸಿಕೊಂಡು ಕೂತವರು ಕಿವಿ ಕೊಡದೆ ಎಲ್ಲಿ ಹೋಗಬೇಕು? ಅಕ್ಕನ ಅಭಿಪ್ರಾಯ ಉದುರುತ್ತ ಹೋಗುತ್ತದೆ, ಕೂದಲಿನ ಜೊತೆಗೇ.

೩. ಅಕ್ಕನ ಕೆಲವು ಅಭಿಪ್ರಾಯಗಳು

ಕೊಲೆ ಸಿನಿಮಾ ಬಗ್ಗೆ: "ಇಡೀ ಬಂಗಲೆ ಹುಡುಕ್ತಾನೆ, ಕತ್ತಲಲ್ಲಿ. ಬಾಗಿಲ ಪಕ್ಕ ಸ್ವಿಚ್ ಇದೆ ಮಾರಾಯ! ಹಾಕಿದ್ರೆ ಕೊಲೆಗಾರನೂ ಸಿಕ್ತಿದ್ದ, ನಾವೂ ಬೇಗ ಊಟ ಮಾಡ್ತಿದ್ವಿ."

ಪ್ರೇಮದ ಸಿನಿಮಾ ಬಗ್ಗೆ: "ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಇಬ್ಬರ ಕೈಲೂ ಫೋನಿದೆ. ನೋಡ್ಕೊಂಡು ನಿಟ್ಟುಸಿರು ಬಿಡ್ತಾರೆ."

ಕಾಡಿನಲ್ಲಿ ದಾರಿ ತಪ್ಪಿದವನ ಸಿನಿಮಾ ಬಗ್ಗೆ: "ಹುಲಿ ಚೆನ್ನಾಗಿ ಮಾಡಿದೆ. ಅದೊಂದೇ."

ಪ್ರಶಸ್ತಿ ಬಂದ ಸಿನಿಮಾ ಬಗ್ಗೆ: "ಗಂಡ ಹೆಂಡತಿ ಅಡುಗೆಮನೇಲಿ ಮಾತಾಡದೆ ಕೂತಿರ್ತಾರೆ. ಅದನ್ನ ನೋಡೋಕೆ ಟಿ.ವಿ. ಯಾಕೆ ಬೇಕು?"

(ಓದುಗರೇ, ಕೊನೆಯ ಅಭಿಪ್ರಾಯ ನನ್ನದು. ಅಕ್ಕನ ಬಾಯಿಗೆ ಹಾಕಿದ್ದೇನೆ. ಅವಳು ಗಮನಿಸಿಲ್ಲ.)

"ಗಮನಿಸಿದೀನಿ. ಚೆನ್ನಾಗಿದೆ ಅಂತ ಬಿಟ್ಟೆ."

೪

ಅಕ್ಕನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಯಾವ ಸಿನಿಮಾವನ್ನೂ ಅವಳು ಮೊದಲಿಂದ ನೋಡುವುದಿಲ್ಲ. ರಿಮೋಟಿನಲ್ಲಿ ಸರ್ರನೆ ಓಡಿಸಿ ಕೊನೆಗೆ ಹೋಗುತ್ತಾಳೆ. ಅದು ಹಿಡಿಸಿದರೆ ಮಾತ್ರ ಹಿಂದಕ್ಕೆ ಬಂದು ಕೂರುತ್ತಾಳೆ. "ಬಡಿಸೋ ಮುಂಚೆ ಉಪ್ಪು ನೋಡಲ್ವಾ? ಹಾಗೇ ಇದು," ಎನ್ನುತ್ತಾಳೆ. ಉಪ್ಪು ನೋಡಿ ಸುಮ್ಮನಿದ್ದರೆ ಆಯಿತು. ಇವಳು ಮರುದಿನ ಅಂಗಡಿಯಲ್ಲಿ ಊರಿಗೆಲ್ಲ ಹೇಳಿಬಿಡುತ್ತಾಳೆ.

ಒಂದು ದಿನ ಹೀಗೇ ಲಿಫ್ಟಿನ ಸಿನಿಮಾ ಹಾಕಿದಳು. ಎತ್ತರದ ಕಟ್ಟಡದ ಲಿಫ್ಟು ನಡುವೆ ಕೆಟ್ಟು ನಿಂತು, ಒಳಗೆ ಸಿಕ್ಕಿಕೊಂಡವರ ಕತೆ. ಕೊನೆಗೆ ಓಡಿಸಿದಳು. ಓಡಿಸಿದ್ದು ಒಂದು ಚೂರು ಹೆಚ್ಚಾಯಿತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅವಳು ಅಡುಗೆಮನೆಗೆ ಓಡಿದಾಗ, ಡಬ್ಬಿ ತನ್ನ ಪಾಡಿಗೆ ತಾನು ಹೆಸರುಗಳನ್ನು ಮುಗಿಸಿ ಮುಂದಿನ ಸಿನಿಮಾ ಶುರುಮಾಡಿತು. ಅಕ್ಕ ಮರಳಿ ಬಂದಾಗ ತೆರೆಯ ಮೇಲೆ ಮಂಜು. ಮುದುಕನೊಬ್ಬ ದೋಣಿ ಹತ್ತುತ್ತಿದ್ದಾನೆ. ದಡದಲ್ಲಿ ಮೊಮ್ಮಗಳು ಕೈಬೀಸುತ್ತಿದ್ದಾಳೆ.

ಅಕ್ಕ ನಿಂತಲ್ಲೇ ನಿಂತು ನೋಡಿದಳು. "ಎಂಥಾ ಕೊನೆ!" ಎಂದು ಟಿ.ವಿ. ಆರಿಸಿದಳು.

ಮರುದಿನ ಅಂಗಡಿಯಲ್ಲಿ ದೋಣಿಯೇ ದೋಣಿ. "ಲಿಫ್ಟಿಂದ ಬಿಡಿಸ್ಕೊಂಡವನು ದೋಣಿ ಹತ್ತಿ ಹೋಗ್ತಾನೆ. ಇಷ್ಟು ಒಳ್ಳೆ ಕೊನೆ ನಾನು ನೋಡೇ ಇಲ್ಲ."

"ಹೌದು ಹೌದು, ದೋಣಿ ಬಹಳ ಚೆನ್ನಾಗಿತ್ತು. ನಾನೂ ನೋಡ್ದೆ," ಎಂದಳು ಕುರ್ಚಿಯಲ್ಲಿದ್ದ ಬೇಕರಿ ಯಜಮಾನಿ. ಅವಳು ಸಿನಿಮಾ ನೋಡಿರಲೇ ಇಲ್ಲ. ಕಿವಿಯ ಪಕ್ಕ ಕತ್ತರಿ ಆಡುತ್ತಿರುವಾಗ ಯಾರು ತಾನೆ ಇಲ್ಲ ಎಂದಾರು?

೫

ಕಿರಿಯವಳು ಮೇಲಿನ ಮನೆಯಲ್ಲಿ ಕೂತು ಅದೇ ಸಿನಿಮಾವನ್ನು ಮೊದಲಿಂದ ನೋಡಿದಳು. ಮುದುಕ ಬರಲಿ ಎಂದು ಕಾದಳು. ಲಿಫ್ಟಿನಲ್ಲಿ ಇದ್ದವರೆಲ್ಲ ಹರೆಯದವರು. ಅವರಲ್ಲಿ ಒಬ್ಬ ಮುದುಕನಾಗುವವರೆಗೂ ಲಿಫ್ಟು ಅಲ್ಲೇ ನಿಲ್ಲುತ್ತೇನೋ ಎಂದುಕೊಂಡಳು. ಅಕ್ಕ ಹೇಳಿದ ಮೇಲೆ ಸುಳ್ಳಾಗುತ್ತದೆಯೇ? ದೋಣಿಗೆಂದು ಮುಂಗಡವಾಗಿಯೇ ಅಳುತ್ತ ಕೂತಳು. ಕಡೆಗೆ ಯಾರೋ ಒಬ್ಬ ಸ್ಪ್ಯಾನರ್ ತಂದು ಬಾಗಿಲು ಬಿಡಿಸಿದ. ಎಲ್ಲರೂ ಮನೆಗೆ ಹೋದರು. ಸಿನಿಮಾ ಮುಗಿಯಿತು.

ಮರುದಿನ ಅಂಗಡಿಯ ಬಾಗಿಲು ತೆಗೆಯುವಾಗಲೇ ಕೇಳಿದಳು: "ಅಕ್ಕಾ, ದೋಣಿ ಎಲ್ಲಿ?"

"ಯಾವ ದೋಣಿ?"

"ಕಟ್ಟಡದ ಮೇಲೆ ದೋಣಿ ಹೇಗೆ ಬರುತ್ತೆ ಅಂತ ನೀವಾದ್ರೂ ಯೋಚನೆ ಮಾಡಬಾರದಿತ್ತಾ?"

ತಾನು ನೋಡಿದ್ದು ಮುಂದಿನ ಸಿನಿಮಾದ ಶುರು ಎಂದು ಹೊಳೆದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಕಿರಿಯವಳು ನಗಲಿಲ್ಲ. ಅಳಲೂ ಇಲ್ಲ. ಅದನ್ನು ಕಂಡು ಅಕ್ಕನ ನಗು ಅರ್ಧಕ್ಕೇ ನಿಂತಿತು.

"ದೋಣಿ ಹಾಳಾಗ್ಲಿ ಅಕ್ಕ. ಸಿನಿಮಾ ಒಂದೇ ಅಲ್ಲ. ನಾನು ಬಾಯಿ ತೆಗೆಯೋ ಮುಂಚೇನೇ ನನ್ನ ಮಾತಿನ ಕೊನೆ ನಿಮಗೆ ಗೊತ್ತಿರುತ್ತೆ. ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ಒಂದು ಮಾತು ಪೂರ್ತಿ ಆಡಿದ ನೆನಪಿಲ್ಲ ನನಗೆ. ಎದುರಿನ ದೊಡ್ಡ ಅಂಗಡಿಯವರು ಕರೀತಿದಾರೆ, ನಾನು ಬರೋ ತಿಂಗಳಿಂದ..."

"ಹೋಗಲ್ಲ ಅಂತ ಹೇಳಿದೆ ತಾನೆ? ನಂಗೊತ್ತು," ಎಂದಳು ಅಕ್ಕ.

ಕಿರಿಯವಳು ತನ್ನ ಬಾಚಣಿಗೆಗಳನ್ನು ತೊಳೆಯಲು ಒಳಗೆ ಹೋದಳು. ವಾಕ್ಯ ಅಲ್ಲೇ ನಿಂತಿತು.

(ಈಗ ಗೊತ್ತಾಯಿತಲ್ಲ, ಕಷ್ಟ ಎಲ್ಲಿದೆ ಎಂದು? ನನಗೆ ಗೊತ್ತಾದದ್ದೂ ಇದನ್ನು ಬರೆಯುವಾಗಲೇ. ಅಲ್ಲಿಯವರೆಗೂ ದೋಣಿಯ ತಮಾಷೆಯಲ್ಲೇ ಮುಗಿಸಿ ಎದ್ದುಬಿಡುವ ಆಲೋಚನೆಯಲ್ಲಿದ್ದೆ.)

೬. ಕೊನೆಗಳು: ಬೇಕಾದ್ದನ್ನು ಆರಿಸಿಕೊಳ್ಳಿ

ಅ) ಕಿರಿಯವಳು ಎದುರಿನ ಅಂಗಡಿಗೆ ಹೋಗುತ್ತಾಳೆ. ಎ.ಸಿ., ಸಮವಸ್ತ್ರ, ಹಬೆ ಬಿಡುವ ಯಂತ್ರ. ಅಕ್ಕ ಗಾಜಿನಾಚೆ ಅವಳನ್ನು ನೋಡುತ್ತ, ಪಕ್ಕದ ಖಾಲಿ ಕುರ್ಚಿಯ ಧೂಳು ಒರೆಸುತ್ತಾಳೆ.

"ಇದು ಬೇಡ," ಎಂದಳು ಅಕ್ಕ. ಎಂದಿನ ಜೋರು ಇರಲಿಲ್ಲ.

ಆ) ಎದುರಿನ ಅಂಗಡಿಗೆ ಬೆಂಕಿ. ಒಂದೇ ವಾಕ್ಯದ ಕೆಲಸ, ನನಗೇನು ಖರ್ಚಿಲ್ಲ.

"ಅಯ್ಯೋ, ಅಲ್ಲಿ ಕೆಲಸ ಮಾಡೋರ ಗತಿ?" ಎಂದು ಕಿರಿಯವಳು ಕಣ್ಣೊರೆಸಿಕೊಂಡಳು. ಬೆಂಕಿ ಆರಿಸಿದೆ.

ಇ) ಅಕ್ಕ ಕ್ಷಮೆ ಕೇಳುತ್ತಾಳೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ.

"ಅಪ್ಪಿಕೊಳ್ಳೋದೆಲ್ಲ ಸಿನಿಮಾದಲ್ಲಿ," ಎಂದರು ಇಬ್ಬರೂ ಒಟ್ಟಿಗೆ. "ನಾವು ಓರಗಿತ್ತಿಯರು."

ಹಾಗಾದರೆ ನೀವೇ ನಡೆಸಿಕೊಳ್ಳಿ, ಎಂದು ಕೈಚೆಲ್ಲಿ ಕೂತೆ.

೭

ಅಂಗಡಿಯ ವಾರದ ರಜೆ. ಮಧ್ಯಾಹ್ನ. ಅಕ್ಕ ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದಳು. (ಇದನ್ನು ನಾನು ಬರೆಯಲಿಲ್ಲ. ಅವಳೇ ಹತ್ತಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ.)

"ಏನಕ್ಕ?"

"ಸಿನಿಮಾ ಹಾಕು. ಮೊದಲಿಂದ."

"ಕೊನೆ ನೋಡ್ಕೊಂಡು ಬಂದಿದೀರಾ?"

"ಇಲ್ಲ ಕಣೆ. ನೀನೇ ಆರಿಸು. ಹೆಸರೂ ಹೇಳ್ಬೇಡ."

ಹಳೇ ಲಾರಿಯೊಂದರಲ್ಲಿ ಊರು ಸೇರಬೇಕಾದ ಅಣ್ಣತಮ್ಮಂದಿರ ಸಿನಿಮಾ. ಅಕ್ಕ ಕುರ್ಚಿಯ ತುದಿಗೆ ಕೂತಳು. ಲಾರಿ ಕೆಟ್ಟಾಗ "ಇವನು ಈಗ..." ಎಂದು ಬಾಯಿ ತೆಗೆದು, ಗಪ್ಪನೆ ಮುಚ್ಚಿದಳು. ತಮ್ಮ ಮುನಿಸಿಕೊಂಡು ಇಳಿದು ಹೋದ. ಅಕ್ಕ ತುಟಿ ಕಚ್ಚಿದಳು. ಎರಡು ಹೆತ್ತವಳು, ಹೆರಿಗೆಯಲ್ಲೂ ಇಷ್ಟು ಒದ್ದಾಡಿರಲಿಲ್ಲ. ಕಿರಿಯವಳು ತೆರೆ ಬಿಟ್ಟು ಅವಳನ್ನೇ ನೋಡುತ್ತ, ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ನಗು, ನಗು. ಸಾಯ್ತಿದೀನಿ ಇಲ್ಲಿ. ಊರು ಸೇರ್ತಾರೋ ಇಲ್ವೋ?"

"ನಂಗೂ ಗೊತ್ತಿಲ್ಲ ಅಕ್ಕ."

"ಗೊತ್ತಿಲ್ದೆ ಹೇಗೆ ಕೂತಿರ್ತೀಯೇ ಇಷ್ಟು ಹಾಯಾಗಿ?"

ಕಿರಿಯವಳು ರಿಮೋಟ್ ಕೈಗೆತ್ತಿಕೊಂಡಳು. ಸಿನಿಮಾ ಅರ್ಧಕ್ಕೆ ನಿಲ್ಲಿಸಿ, ಅಕ್ಕನ ಕಡೆ ತಿರುಗಿ ಕೂತಳು. ಲಾರಿ ಗುಡ್ಡದ ತಿರುವಿನಲ್ಲಿ ಹಾಗೇ ನಿಂತಿತು.

"ಅಕ್ಕ, ಆ ಎದುರಂಗಡಿ ವಿಷಯ... ನಾನು ಏನ್ ಅಂದ್ಕೊಂಡಿದೀನಿ ಅಂದ್ರೆ..." ಎಂದು, ಎಂದಿನಂತೆ ಮುಂದಿನ ಮಾತು ಹುಡುಕುತ್ತ ತಡೆದಳು.

ಆ ವಾಕ್ಯಕ್ಕೆ ಅಕ್ಕನ ನಾಲಿಗೆಯ ಮೇಲೆ ಮೂರು ಕೊನೆಗಳು ತಯಾರಿದ್ದವು. ನನ್ನ ಹತ್ತಿರವೂ ಒಂದಿತ್ತು, ಒಳ್ಳೆಯದೇ. ನಿಮ್ಮ ಹತ್ತಿರವೂ ಇದ್ದೀತು. ನಾನು ಪೆನ್ನಿನ ಮುಚ್ಚಳ ತೆಗೆದೆ.

ಅಕ್ಕ ನನ್ನ ಕೈ ಹಿಡಿದಳು.

"ಸುಮ್ನಿರಿ ಅಜ್ಜಿ," ಎಂದಳು. "ಅವಳು ಹೇಳ್ತಿದಾಳೆ."