ಉಣ್ಣದ ಮರಿ

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆಯ ಗರಾಜಿನಲ್ಲೊಂದು ಪುಟ್ಟ ಫ್ರೀಜರು, ಅದರ ತುಂಬ ಸತ್ತ ಇಲಿಮರಿಗಳು ಎಂದರೆ ಅಮೆರಿಕದ ಕ್ಯಾರಿ ಊರಿನ ಕನ್ನಡದವರು ಯಾರು ತಾನೇ ನಂಬುತ್ತಾರೆ? ಮನೆಯ ಯಜಮಾನ ಕರಬಸಪ್ಪನಿಗೇ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅವನ ಹೆಂಡತಿ ಸೌಮ್ಯಾಳ ಲ್ಯಾಬಿನಲ್ಲಿ ಯಾರೋ ಊರು ಬಿಡುವಾಗ ತಾವು ಸಾಕಿದ್ದ ಬೋವಾ ಹಾವನ್ನು ಅವಳಿಗೆ ಒಪ್ಪಿಸಿ ಹೋಗಿದ್ದರು. ಹೆಬ್ಬಾವಿನಂಥ ಹಾವು, ವಿಷವಿಲ್ಲ. ಅದು ಗರ್ಭಿಣಿ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಅದು ಮೊಟ್ಟೆಗಿಟ್ಟೆ ಇಡದೆ ನೇರವಾಗಿ ಮರಿಗಳನ್ನೇ ಹಾಕಿತು. ಮಹಡಿಯ ಖಾಲಿ ರೂಮು ಪ್ಲಾಸ್ಟಿಕ್ ಡಬ್ಬಿಗಳಿಂದ ತುಂಬಿಹೋಯಿತು, ಡಬ್ಬಿಗೊಂದು ಮರಿ.

ಕರಬಸಪ್ಪ ದೊಡ್ಡ ದೊಡ್ಡ ಸೇತುವೆ ಕಟ್ಟುವ ಇಂಜಿನಿಯರ್. ಆದರೆ ಆ ರೂಮಿನ ಹೊಸ್ತಿಲು ದಾಟಲು ಅವನಿಗೆ ಧೈರ್ಯವಿಲ್ಲ. ಬಾಗಿಲಲ್ಲೇ ನಿಂತು ಹೆಂಡತಿಯನ್ನು ನೋಡುವನು. ನೋಡಿದಷ್ಟೂ ಬೆರಗು. ಮರಿಗಳು ಮೊದಲ ಪೊರೆ ಬಿಡುವ ತನಕ ಅವಳು ತಾಳ್ಮೆಯಿಂದ ಕಾದಳು. ಆಮೇಲೆ ಹೆಪ್ಪುಗಟ್ಟಿದ ಇಲಿಮರಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಅದರ ಮೈ ಕಾಯಿಸಿ, ಒರೆಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ಇನ್ನೂ ಜೀವವಿದೆ ಎನ್ನುವಂತೆ ಅಲ್ಲಾಡಿಸಿದಳು. ಮೊಳದುದ್ದದ ಮರಿ ಛಕ್ಕನೆ ಎರಗಿ, ಸುತ್ತಿ ಹಿಸುಕಿ, ತಲೆಯ ಕಡೆಯಿಂದ ನುಂಗತೊಡಗಿತು.

"ಯಾರೂ ಕಲಿಸಿಲ್ಲ ನೋಡ್ರಿ ಇದಕ್ಕ," ಎಂದಳು ಸೌಮ್ಯಾ. ನಿನಗೆ ಯಾರು ಕಲಿಸಿದರು ಎಂದು ಕೇಳಬೇಕೆನಿಸಿತು ಅವನಿಗೆ.

ಒಂದೊಂದಾಗಿ ಎಲ್ಲವೂ ಉಂಡವು, ಬಾಗಿಲ ಬಳಿಯ ಡಬ್ಬಿಯ ಸಣ್ಣ ಮರಿಯೊಂದನ್ನು ಬಿಟ್ಟು. ಇಲಿ ಹತ್ತಿರ ಬಂದರೆ ಅದು ಮುಖ ತಿರುಗಿಸುವುದು. ದಿನ ಕಳೆದಂತೆ ಅದರ ಬೆನ್ನಮೂಳೆ ಎದ್ದು ಕಾಣತೊಡಗಿತು.

"ಇನ್ನ ಬಾಯಿ ತೆಗಿಸಿ ತುರುಕಬೇಕಾಗತೈತಿ," ಎಂದಳು ಸೌಮ್ಯಾ. "ಇಷ್ಟು ಸಣ್ಣದು ಅದನ್ನ ತಡಕೊಳ್ಳೂದು ಡೌಟ್ ರೀ."

ಭಾನುವಾರ ಇಳಕಲ್ಲಿನಿಂದ ಅವ್ವನ ಫೋನು. ಮನೆಯಲ್ಲಿ ಒಂದು ಜೀವ ಉಪವಾಸವಿದ್ದರೂ ರೊಟ್ಟಿ ಮುರಿಯದ ಹೆಂಗಸು ಅವಳು. ಎಂದಿನಂತೆ ಮೊದಲ ಪ್ರಶ್ನೆ ಅದೇ.

"ಎಲ್ಲಾರೂ ಉಂಡ್ರೇನೋ?"

"ಹೂಂನವ್ವ," ಎಂದ ಕರಬಸಪ್ಪ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಇಲಿ ಹಿಡಿಯಲು ಬಾರದ ಅವನು ತನಗೆ ಬರುವುದನ್ನು ಮಾಡುತ್ತಿದ್ದ. ದಿನಾ ಸಂಜೆ ಸೌಮ್ಯಾ ಬರುವ ಮೊದಲು ಲಿಂಗಪೂಜೆ ಮುಗಿಸಿ, ಆ ಬಾಗಿಲಿಂದಲೇ ಕೈಚಾಚಿ, ಉಣ್ಣದ ಮರಿಯ ಡಬ್ಬಿಯ ಪಕ್ಕ ಊದಿನಕಡ್ಡಿ ಹಚ್ಚಿಟ್ಟು ಕೈಮುಗಿಯುವನು. ಮನೆಯಿಡೀ ಪೂಜೆಯ ವಾಸನೆ ಇರುತ್ತಿದ್ದುದರಿಂದ ಸೌಮ್ಯಾಳಿಗೆ ಅನುಮಾನ ಬಂದಿರಲಿಲ್ಲ. ಆದರೆ ಆ ಸೋಮವಾರ ಅವಳು ಬೇಗ ಬಂದಳು. ಕಡ್ಡಿ ಇನ್ನೂ ಉರಿಯುತ್ತಿತ್ತು.

"ದಿನಾ ಹಚ್ಚತೀರೇನು ಇಲ್ಲೆ?"

"ನಾಗಪ್ಪ ಅಲ್ಲೇನು? ಉಣ್ಣಲಿ ಅಂತ ಬೇಡಕೊಂಡೆ."

ಸೌಮ್ಯಾ ಅವನನ್ನೇ ನೋಡಿದಳು. ಬೈಗುಳಕ್ಕೆ ತಯಾರಾಗಿದ್ದವನಿಗೆ ಅವಳ ನಗು ಕೇಳಿಸಿತು. "ಅದು ನಾಲಿಗಿ ಚಾಚಿ ವಾಸನಿ ಹಿಡೀತೈತಿ ರೀ. ಮೊದಲೊಮ್ಮೆ ಒಲ್ಲೆ ಅಂದಿದ್ದು ಸಹಜ, ಆಮ್ಯಾಲಿಂದ ಈ ಹೊಗಿಯೊಳಗ ಅದಕ್ಕ ನಿಮ್ಮ ಭಕ್ತಿ ಅಷ್ಟೇ ಗೊತ್ತಾಗೇತಿ, ಇಲಿ ಗೊತ್ತಾಗಿಲ್ಲ."

ಕರಬಸಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಸೌಮ್ಯಾ ಕಿಟಕಿ ತೆರೆದಳು, ಮರಿಯನ್ನು ಹೊಸ ಡಬ್ಬಿಗೆ ಬಿಟ್ಟಳು.

"ನಾಳೆ ನೀವೇ ಉಣಸ್ರಿ," ಎಂದಳು.

"ನಾನಾ?"

"ಮತ್ಯಾರು? ಅಷ್ಟು ಬೇಡಕೊಂಡೋರು ನೀವು."

ಮರುದಿನ ಅವನು ಕೊರಳ ಲಿಂಗವನ್ನು ಅಂಗಿಯೊಳಗೆ ಸೇರಿಸಿ, ಹೊಸ್ತಿಲು ದಾಟಿ ಇಕ್ಕಳ ಹಿಡಿದ. ಕೈ ಗಡಗಡ ನಡುಗಿತು. ಕೈಯ ಜೊತೆ ಇಲಿಯೂ ನಡುಗಿತು. ಮರಿ ತಲೆಯೆತ್ತಿತು, ನಾಲಿಗೆ ಚಾಚಿತು, ಚಾಚಿತು.

"ಹಂಗ ಹಿಡೀರಿ," ಎಂದು ಸೌಮ್ಯಾ ಪಿಸುಗುಟ್ಟಿದಳು. "ನಿಮ್ಮಷ್ಟು ಚಲೋ ನನಗೂ ಅಲ್ಲಾಡಸಾಕ ಬರೂದಿಲ್ಲ."

ಛಕ್ಕನೆ ಎಳೆತ. ಅಷ್ಟು ಸಣ್ಣ ಜೀವದ ಹಸಿವು ಅವನ ಮೊಣಕೈವರೆಗೆ ತಾಕಿತು. ಮರಿ ಇಲಿಯನ್ನು ಸುತ್ತಿಕೊಂಡಿತು, ನಿಧಾನವಾಗಿ ನುಂಗಿತು. ಕರಬಸಪ್ಪ ನೆಲದ ಮೇಲೆ ಕೂತು ಬಾಲದ ಕೊನೆಯ ತುದಿ ಒಳಹೋಗುವವರೆಗೂ ನೋಡಿದ.

ಭಾನುವಾರ ಮತ್ತೆ ಫೋನು. "ಎಲ್ಲಾರೂ ಉಂಡ್ರೇನೋ?"

"ಉಂಡ್ರಬೇ ಅವ್ವ," ಎಂದ. "ಎಲ್ಲಾರೂ ಉಂಡ್ರು." ಹೇಳಿ ಸೊರ್ರನೆ ಮೂಗೆಳೆದುಕೊಂಡ.

ಅತ್ತ ಅವ್ವ ಗಾಬರಿಯಾದಳು. "ಉಂಡ್ರ ಅದಕ್ಯಾಕ ಅಳತೀಯೋ?"