ಒಲ್ಲೆ ಎನ್ನುವ ರುಚಿ

ಹುಡುಗಿ ಇರಲಿಲ್ಲ. ಇದ್ದಿದ್ದರೆ ಎಲ್ಲರಿಗೂ ಎಷ್ಟೋ ಅನುಕೂಲವಾಗುತ್ತಿತ್ತು. ಮರಳಿ ಊರಿನ ದುರಗೇಶ ಯಹೂದಿ ಆಗಲು ಹೊರಟಿದ್ದಾನೆ ಎಂಬ ಸುದ್ದಿ ಕೇರಿಯಲ್ಲಿ ಹಬ್ಬಿದಾಗ ಎಲ್ಲರೂ ಮೊದಲು ಹುಡುಕಿದ್ದು ಹುಡುಗಿಯನ್ನೇ. ಹನುಮನಹಳ್ಳಿಯ ಕಡೆ ಬಂಡೆ ಹತ್ತಲು ಬರುವ ಇಸ್ರೇಲಿನ ಹುಡುಗಿಯರನ್ನು ನೋಡದವರು ಯಾರಿದ್ದಾರೆ? ಅವರಲ್ಲಿ ಒಬ್ಬಳು ಒಮ್ಮೆ ಇವನ ಬೈಕಿನ ಹಿಂದೆ ಕೂತಿದ್ದರೆ ಸಾಕಿತ್ತು, ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆಟೊ ಓಡಿಸುವ ಗೆಳೆಯ ಯಮನೂರನಂತೂ ಆ ಹುಡುಗಿಗಾಗಿ ದುರಗೇಶನಿಗಿಂತ ಹೆಚ್ಚು ಕಾದ.

“ಖರೇ ಹೇಳಲೇ, ಯಾವಾಕಿ ಆಕಿ?”

“ಯಾರೂ ಇಲ್ಲೋ.”

“ಹಂಗಾರ ವೀಸಾ?”

“ವೀಸಾನೂ ಇಲ್ಲ.”

“ಹುಡಿಗಿ ಇಲ್ಲ, ವೀಸಾ ಇಲ್ಲ. ಮತ್ತ ಯಾಕಲೇ ಜಾತಿ ಕೆಡಿಸ್ಕೋತಿ?”

ಕೆಡುವಂಥ ಜಾತಿ ನಮಗೆಲ್ಲಿತ್ತೋ ಎಂಬ ಮಾತು ದುರಗೇಶನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಯಮನೂರನೂ ಅದೇ ಕೇರಿಯವನು, ಅವನಿಗೆ ಹೇಳಿಕೊಡುವುದೇನಿತ್ತು.

ನಿಜವೆಂದರೆ ಯಾಕೆ ಎಂಬುದು ದುರಗೇಶನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನಂತೆ ಒತ್ತುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಹೋಗಬೇಕು. ಸುಮ್ಮನೆ ಬೈಕು ಹತ್ತಿ ಗಂಗಾವತಿಯ ತನಕ ಹೋಗಿ, ಏನೂ ಕೊಳ್ಳದೆ, ಯಾರನ್ನೂ ಕಾಣದೆ ತಿರುಗಿ ಬರುತ್ತಿದ್ದ.

ಪ್ರತಿವರ್ಷ ಚಳಿ ಶುರುವಾಗುವ ಹೊತ್ತಿಗೆ ಹನುಮನಹಳ್ಳಿಯ ಗದ್ದೆಯ ಅಂಚಿನ ಒಂದು ಮನೆಯನ್ನು ಒಬ್ಬ ರಬ್ಬಿ ಬಾಡಿಗೆ ಹಿಡಿಯುತ್ತಿದ್ದರು. ರಬ್ಬಿ ಎಂದರೆ ಯಹೂದಿಗಳ ಗುರು. ಊರವರ ಬಾಯಲ್ಲಿ ಅವರು ಗಡ್ಡದ ಸ್ವಾಮಿ. ಊರು ಸುತ್ತಲು ಬಂದ ತಮ್ಮ ದೇಶದ ಹುಡುಗರಿಗೆ ಅವರೂ ಅವರ ಹೆಂಡತಿ ರಿವ್ಕಾ ಎಂಬಾಕೆಯೂ ಶುಕ್ರವಾರ ಸಂಜೆ ಊಟ ಹಾಕುತ್ತಿದ್ದರು. ತರಕಾರಿ ತರಲು, ನೀರು ತುಂಬಲು, ಅಂಗಳ ಗುಡಿಸಲು ದುರಗೇಶ. ಶನಿವಾರ ಅವನಿಗೆ ಇನ್ನೊಂದು ವಿಚಿತ್ರ ಕೆಲಸವಿತ್ತು. ಹನುಮಪ್ಪನ ವಾರವೆಂದು ಜನ ಅಂಜನಾದ್ರಿ ಹತ್ತುವ ಆ ದಿನವೇ ಇವರಿಗೂ ಪವಿತ್ರ ದಿನ. ಶುಕ್ರವಾರ ಹೊತ್ತು ಮುಳುಗಿತೆಂದರೆ ಆ ದಿನ ಶುರು, ಅಲ್ಲಿಂದ ಶನಿವಾರ ಸಂಜೆಯ ತನಕ ಇವರು ಒಲೆ ಹೊತ್ತಿಸುವಂತಿಲ್ಲ, ದೀಪದ ಗುಂಡಿ ಒತ್ತುವಂತಿಲ್ಲ, ಒತ್ತು ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. “ಇಲ್ಲಿ ಕತ್ತಲೆ ಅಲ್ಲವೇ?” ಎಂದು ರಬ್ಬಿ ಗೋಡೆಯ ಕಡೆ ನೋಡಿ ಹೇಳುವರು, ದುರಗೇಶ ಹೋಗಿ ಗುಂಡಿ ಒತ್ತಿ ಬರುವನು. ಯಹೂದಿಯಾದರೆ ಅವನೂ ಒತ್ತುವಂತಿಲ್ಲ. ಅಂದರೆ ಪುಣ್ಯಾತ್ಮ ಬೇಡುತ್ತಿದ್ದದ್ದು ಇದ್ದ ಕೆಲಸ ಕಳೆದುಕೊಳ್ಳುವ ಭಾಗ್ಯವನ್ನು!

ಶುರುವಾದದ್ದು ಮೊದಲ ಶುಕ್ರವಾರದಂದು. ಒಳಗೆ ಎಲ್ಲರೂ ಹಾಡುತ್ತ ಉಣ್ಣುತ್ತಿದ್ದಾಗ ಅವನು ಅಭ್ಯಾಸದಂತೆ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ರಿವ್ಕಾ ಬಂದು ಒಳಗೆ ಕರೆದಳು. ಪಾತ್ರೆ ತೊಳೆಯಲು ಇರಬೇಕೆಂದು ಹೋದರೆ ಕುರ್ಚಿ ತೋರಿಸಿದಳು. ಯಾರೋ ರೊಟ್ಟಿ ಮುರಿದು ಅವನ ಕೈಗೆ ಕೊಟ್ಟರು, ಕೈಗೆ ಕೈ ತಾಗಿತು, ಯಾರೂ ಅತ್ತ ನೋಡಲಿಲ್ಲ. ನೀನು ಯಾರ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಅವತ್ತಿನಿಂದ ಅವನಿಗೆ ನೆಮ್ಮದಿ ಇಲ್ಲ.

ನಾನೂ ನಿಮ್ಮವನಾಗುತ್ತೇನೆ ಎಂದು ಅವನು ಹೇಳಿದ ದಿನ ರಬ್ಬಿ ನಕ್ಕುಬಿಟ್ಟರು.

“ಯಾಕಪ್ಪ? ಒಳ್ಳೆಯ ಮನುಷ್ಯನಾಗಿರು, ದೇವರಿಗೆ ಅಷ್ಟು ಸಾಕು. ನಮ್ಮ ಹೊರೆ ನೀನೇಕೆ ಹೊರುತ್ತೀ?”

ದುರಗೇಶ ಬೆಪ್ಪಾದ. ಕೇರಿಗೆ ಬಂದ ಎಲ್ಲ ದೇವರ ಕಡೆಯವರೂ ಬನ್ನಿ ಬನ್ನಿ ಎಂದವರೇ. ಬರಬೇಡ ಎನ್ನುವ ದೇವರನ್ನು ಅವನು ಕಂಡದ್ದು ಇದೇ ಮೊದಲು. ಬೇಡವೆಂದಷ್ಟೂ ಬೇಕೆನಿಸಿತು. ಮರುವರ್ಷ ಮತ್ತೆ ಕೇಳಿದ, ರಬ್ಬಿ ಮತ್ತೆ ಇಲ್ಲವೆಂದರು. ಮೂರು ಸಲ ಬಾಗಿಲು ಮುಚ್ಚುವುದು ತಮ್ಮಲ್ಲಿ ಹಳೆಯ ಪದ್ಧತಿ ಎಂದೂ ಹೇಳಿದರು. ಮೂರನೆಯ ವರ್ಷ ಬಂದಾಗ ಅವರೇ ಮಾತೆತ್ತಿದರು. “ಈ ಸಲ ಬಿಸಿಲೇರಿ ನಾವು ಹೊರಡುವ ಮೊದಲು ಕೊನೆಯ ಬಾರಿ ಕೇಳುತ್ತೇನೆ, ಯಾಕೆ ಎಂದು. ಉತ್ತರ ನಿಜವೆನಿಸಿದರೆ ನಮ್ಮ ಹಿರಿಯರ ಮುಂದೆ ನಿನ್ನ ಪರವಾಗಿ ಮಾತಾಡುತ್ತೇನೆ. ಇಲ್ಲದಿದ್ದರೆ ಇಲ್ಲ.”

ಅಲ್ಲಿಂದ ದುರಗೇಶನ ಕಟ್ಟುನಿಟ್ಟು ಶುರುವಾಯಿತು. ರಬ್ಬಿಯ ಅಡುಗೆಮನೆಯನ್ನು ಅವನು ಕಣ್ಣಿಟ್ಟು ನೋಡಿದ್ದ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಹೊರಗೆ ಬೇಯಿಸಿದ್ದು ಒಳಗೆ ಬರುವಂತಿಲ್ಲ. ಯಾರೂ ಅವನಿಗೆ ಮಾಡೆಂದಿರಲಿಲ್ಲ, ತಾನೇ ಹೊತ್ತುಕೊಂಡ.

ಆಗಲೇ ಮರಳಿಯಲ್ಲಿ ವಿರುಪಾಕ್ಷಿಗೌಡರ ಹೊಸ ಮನೆಯ ಪ್ರವೇಶ ಬಂತು. ದುರಗೇಶನ ತಾಯಿ ಹುಲಿಗವ್ವ ವರ್ಷವಿಡೀ ನಾಟಿಗೆ, ಕಳೆಗೆ ಹೋಗುವುದು ಆ ಗೌಡರ ಗದ್ದೆಗೇ. ಕೇರಿಯವರಿಗೂ ಊಟಕ್ಕೆ ಕರೆ ಬಂತು. ಕಾಲ ಸುಧಾರಿಸಿದೆ ನೋಡಿ, ಈಗ ಪೇಪರ್ ತಟ್ಟೆ ಎಲ್ಲರಿಗೂ ಒಂದೇ. ಕೂರುವ ಜಾಗ ಮಾತ್ರ ಸುಧಾರಿಸಿಲ್ಲ. ಕೊಟ್ಟಿಗೆಯ ಹಿಂದೆ ಸಾಲಾಗಿ ಕೂತವರ ನಡುವೆ ದುರಗೇಶ ಎದ್ದು ನಿಂತ. ಗೌಡರು ಉಪಚಾರಕ್ಕೆಂದು ಅತ್ತ ಬಂದಿದ್ದರು.

“ಯಾಕಲೇ ದುರಗ್ಯಾ, ಕುಂದರು. ಹೋಳಿಗಿ ಅದಾವು.”

“ನಾ ಉಣ್ಣಂಗಿಲ್ರಿ ಗೌಡ್ರ.”

“ಯಾಕ?”

“ನಾ ಹಿಡಿದ ಧರ್ಮದಾಗ ಕಂಡಕಂಡೋರ ಮನಿ ಪಾತ್ರಿಯಾಗ ಬೇಯಿಸಿದ್ದು ನಡ್ಯಂಗಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

ಗೌಡರ ಮುಖ ನೋಡಬೇಕಿತ್ತು. ಅವರ ಏಳು ತಲೆಮಾರಿನಲ್ಲಿ ಆ ಮಾತನ್ನು ಆಡಿದವರಿದ್ದರು, ಕೇಳಿಸಿಕೊಂಡವರಿರಲಿಲ್ಲ. ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ದುರಗೇಶ ಮೆಲ್ಲಗೆ, ಮರ್ಯಾದೆಯಿಂದ, ತುಸುವೇ ನಗುತ್ತ ಹೊರಗೆ ಬಂದ. ಅವತ್ತು ಬೈಕು ನೆಲದ ಮೇಲೆ ಓಡಿತೋ ಗಾಳಿಯಲ್ಲಿ ಓಡಿತೋ ಅವನಿಗೆ ತಿಳಿಯಲಿಲ್ಲ.

ಅದೇ ಹುರುಪಿನಲ್ಲಿ ಮನೆಗೆ ಬಂದ. ಗೌಡರ ಮನೆಯ ಊಟ ಬಿಟ್ಟು ಬಂದ ಮಗ ಹಸಿದಿರುತ್ತಾನೆಂದು ಹುಲಿಗವ್ವ ಹಿಂದೆಯೇ ಓಡಿ ಬಂದು ರೊಟ್ಟಿ ಬಡಿದಳು, ಪುಂಡಿಪಲ್ಯ ಹಾಕಿ ಮುಂದಿಟ್ಟಳು.

“ಒಲ್ಲೆ ಬೇ” ಎಂದ ದುರಗೇಶ. “ಇನ್ನು ಮ್ಯಾಲೆ ನಿನ್ನ ಪಾತ್ರಿಯಾಗಿಂದು ನನಗ ನಡ್ಯಂಗಿಲ್ಲ. ತಪ್ಪು ತಿಳ್ಕೋಬ್ಯಾಡ.”

ಹುಲಿಗವ್ವ ಏನೂ ಅನ್ನಲಿಲ್ಲ. ಅವನು ಹೊಸ ಬೋಗುಣಿ ತಂದು, ಮೂಲೆಯಲ್ಲಿ ಬೇರೆ ಒಲೆ ಹೂಡಿ, ಹಸಿಬಿಸಿ ಅನ್ನ ಬೇಯಿಸಿಕೊಂಡು ತಿನ್ನತೊಡಗಿದಾಗಲೂ ಅನ್ನಲಿಲ್ಲ. ಮಗ ಉಣ್ಣುವಾಗ ಎದ್ದು ಹೊರಗೆ ಹೋಗುತ್ತಿದ್ದಳು, ಅಷ್ಟೇ. ಅದನ್ನು ದುರಗೇಶ ಒಪ್ಪಿಗೆ ಎಂದುಕೊಂಡ. ಎಂಥ ಮೂರ್ಖ!

ಬಿಸಿಲೇರಿತು. ರಬ್ಬಿಯ ಮನೆಯಲ್ಲಿ ಪೆಟ್ಟಿಗೆಗಳು ಅಂಗಳಕ್ಕೆ ಬಂದವು. ಕೊನೆಯ ಶುಕ್ರವಾರ ಮಧ್ಯಾಹ್ನ ದುರಗೇಶನಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದ. ಒಪ್ಪವಾದ ಉತ್ತರವೊಂದನ್ನು ಕಟ್ಟಿಟ್ಟಿದ್ದ, ದೇವರೊಬ್ಬನೇ, ಅವನ ಕಟ್ಟಳೆ ಸುಂದರ ಎಂದೇನೋ. ಗುಡಿಸುತ್ತ ಅದನ್ನೇ ಬಾಯಿಪಾಠ ಮಾಡುತ್ತಿದ್ದ. ಅಷ್ಟರಲ್ಲಿ ಗೇಟಿನ ಮುಂದೆ ಯಮನೂರನ ಆಟೊ ನಿಂತಿತು. ಇಳಿದವಳು ಹುಲಿಗವ್ವ.

“ನೀ ಯಾಕ ಬಂದಿ ಬೇ?”

“ನಿನ್ನ ಗುರುಗಳನ್ನ ನೋಡಾಕ.”

ಒಳಗೆ ಬಾ ಎಂದರೆ ಬರಲಿಲ್ಲ. ಜಗುಲಿಯನ್ನೂ ಹತ್ತಲಿಲ್ಲ. ಎಲ್ಲರ ಚಪ್ಪಲಿ ಬಿಡುವ ಜಾಗದ ಪಕ್ಕ, ನೆಲದ ಮೇಲೆ, ಸೀರೆ ಒಟ್ಟುಮಾಡಿಕೊಂಡು ಕೂತಳು. ದೊಡ್ಡವರ ಮನೆಗೆ ಹೋದಾಗ ಎಲ್ಲಿ ಕೂರಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಿವ್ಕಾ ಸೆರಗಿಗೆ ಕೈ ಒರೆಸಿಕೊಂಡಂತೆ ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೊರಬಂದಳು. ಹಿಂದೆಯೇ ರಬ್ಬಿ ಬಂದರು. ಹುಲಿಗವ್ವ ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾಪುಡಿ. ಅದನ್ನು ರಿವ್ಕಾಳ ಕೈಗೆ ಕೊಡದೆ ಅವಳ ಕಾಲ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದಳು. ತನ್ನನ್ನು ಮುಟ್ಟದೆ ಎತ್ತಿಕೊಳ್ಳಲು ಅನುಕೂಲವಾಗಲೆಂದು ಹಾಗೆ ಇಡುವುದು ರೂಢಿ.

ರಿವ್ಕಾ ಗಂಟನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ದುರಗೇಶನ ಕಡೆ ತಿರುಗಿದಳು. “ಬೇರೆ ಅಡುಗೆಮನೆಯದು ನಾವು ತಿನ್ನುವಂತಿಲ್ಲ, ನಿನಗೆ ಗೊತ್ತಲ್ಲ. ಆದರೆ ಅದು ಆಕೆಯ ಕಾರಣಕ್ಕಲ್ಲ. ರಾಣಿ ತಂದುಕೊಟ್ಟರೂ ತಿನ್ನುವಂತಿಲ್ಲ. ಅವರಿಗೆ ನೋವಾಗದ ಹಾಗೆ ಹೇಳು.”

ದುರಗೇಶ ಬಾಯಿ ತೆರೆದ. ನಿನ್ನ ಕಾರಣಕ್ಕಲ್ಲ ಎಂಬುದನ್ನು ತಾಯಿಗೆ ಹೇಗೆ ಹೇಳುವುದು? ಹುಡುಕಿದ ಮಾತೆಲ್ಲ ಗೌಡರ ಮನೆಯಲ್ಲಿ ತಾನಾಡಿದ ಮಾತೇ ಆಗಿ ಬಂತು. ಕೊನೆಗೆ, “ಅವ್ರು ತಿನ್ನಂಗಿಲ್ಲ ಬೇ” ಎಂದಷ್ಟೇ ಹೇಳಿದ.

“ಗೊತ್ತೈತಿ ಬಿಡು” ಎಂದಳು ಹುಲಿಗವ್ವ. ಸಿಟ್ಟಿಲ್ಲ, ಅಳುವಿಲ್ಲ. “ಗೌಡ್ರು ತಿನ್ನಂಗಿಲ್ಲ, ಇವ್ರೂ ತಿನ್ನಂಗಿಲ್ಲ. ಅದಕ್ಕೇನು, ಅವ್ರು ಹೊರಗಿನವ್ರು. ಆದ್ರ ನಾ ಹಡೆದಾಂವ ತಿನ್ನಂಗಿಲ್ಲ. ಅದ್ಯಾಕ ಅಂತ ನಿನ್ನ ಗುರುಗಳನ್ನ ಕೇಳು. ನನ್ನ ಕೈಯಾಗ ಅಂಥಾದ್ದೇನೈತಿ?”

ರಬ್ಬಿ ಏನೆಂದು ಕೇಳಿದರು. ದುರಗೇಶ ಬೇರೇನಾದರೂ ಹೇಳಬಹುದಿತ್ತು. ತಾಯಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೆ ಅವಳು ನೆಲದ ಮೇಲೆ ಅಂಗೈ ಮೇಲೆ ಮಾಡಿ ಇಟ್ಟಿದ್ದ ಆ ಎರಡು ಕೈ ನೋಡುತ್ತ ಸುಳ್ಳು ಹೊರಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

ರಬ್ಬಿಯ ಮುಖ ಕಪ್ಪಿಟ್ಟಿತು. “ತಾಯಿಯ ಕೈ ಊಟ ಬಿಡೆಂದು ನಿನಗೆ ಯಾರು ಹೇಳಿದರು? ನಾನು ಹೇಳಿದೆನೇ? ನಮ್ಮ ಧರ್ಮದೊಳಗೆ ಬರುವ ತನಕ ನಿನಗೆ ಈ ಯಾವ ನಿಯಮವೂ ಇಲ್ಲ. ಬಂದವರೂ ತಾಯಿಯ ಮನೆಗೆ ಹೊಸ ಪಾತ್ರೆ ಕೊಂಡೊಯ್ದು ಅವಳೊಂದಿಗೆ ಕೂತು ಬೇಯಿಸಿ ಉಣ್ಣುತ್ತಾರೆ. ಮುಖ ತಿರುಗಿಸಿ ಏಳುವುದಿಲ್ಲ. ನಮ್ಮಲ್ಲಿ ಪಾತ್ರೆಗೆ ನಿಯಮ, ಮನುಷ್ಯರಿಗಲ್ಲ. ನೀನು ಅವಳಿಗೆ ಹೇಗೆ ಹೇಳಿದೆ? ಯಾವ ದನಿಯಲ್ಲಿ?”

ಯಾವ ದನಿ? ಗೌಡರಿಗೆ ಹೇಳಿದ ದನಿಯಲ್ಲೇ ಹೇಳಿದ್ದ, ಅವೇ ಮಾತು, ಅದೇ ತುಸು ನಗು. ಗೌಡರು ಅವನ ಅಪ್ಪನಿಗೆ, ಅಜ್ಜನಿಗೆ ಹೇಳುತ್ತ ಬಂದ ದನಿಯೂ ಅದೇ. ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು.

“ಈಗ ಕೇಳುತ್ತೇನೆ” ಎಂದರು ರಬ್ಬಿ. “ಯಾಕೆ ನಿನಗೆ ಯಹೂದಿಯಾಗಬೇಕು?”

ಕಟ್ಟಿಟ್ಟಿದ್ದ ಉತ್ತರ ಎಲ್ಲಿ ಹೋಯಿತೋ. “ನಮ್ಮ ಕೈಯಿಂದ ಕೊಟ್ಟದ್ದನ್ನು ಎಲ್ಲರೂ ಒಲ್ಲೆ ಎಂದರು” ಎಂದ. “ಒಮ್ಮೆ ನಾನೂ ಒಲ್ಲೆ ಎನ್ನಬೇಕಿತ್ತು. ಅಂದೆ. ಭಾರಿ ರುಚಿಯಾಗಿತ್ತು. ಆ ರುಚಿ ಬಿಡಲಾಗಲಿಲ್ಲ.”

ರಬ್ಬಿ ಅವನ ಭುಜದ ಮೇಲೆ ಕೈಯಿಟ್ಟರು. “ನೀನು ನನಗೆ ಹೇಳಿದ ಮೊದಲ ನಿಜ ಇದು. ಆದರೆ ಈ ಕಾರಣ ಹಿಡಿದು ನಾನು ಯಾರ ಮುಂದೆಯೂ ಮಾತಾಡಲಾರೆ.” ಅವರ ಕಣ್ಣಲ್ಲಿ ನೀರಿತ್ತು. ಆದರೂ ಇಲ್ಲ ಎಂದರೆ ಇಲ್ಲವೇ.

ದುರಗೇಶ ಹೋಗಿ ತಾಯಿಯ ಪಕ್ಕ, ಚಪ್ಪಲಿಗಳ ನಡುವೆ ಕೂತ. ಗಂಟು ಎಳೆದುಕೊಂಡು ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟ. ಹುಲಿಗವ್ವ ಅವನನ್ನೇ ನೋಡುತ್ತಿದ್ದಳು.

“ಏನಂದ್ರು?”

“ಒಲ್ಲೆ ಅಂದ್ರು.”

“ಯಾರ್ನ?”

“ನನ್ನ.”

ಇದನ್ನು ನಿಲ್ಲಿಸಲೆಂದೇ ಬಂದಿದ್ದ ಮುದುಕಿ ಧಡಕ್ಕನೆ ಎದ್ದು ನಿಂತಳು. “ನನ್ನ ಮಗನ್ನ ಒಲ್ಲೆ ಅನ್ನಾಕ ಇಂವ ಯಾಂವ? ಏನು ಕಡಿಮಿ ಆಗೇತಿ ನನ್ನ ಮಗನಿಗೆ? ಮೂರು ವರ್ಷ ಇವರ ಅಂಗಳಾ ಬಳಿದಾನ, ನೀರು ಹೊತ್ತಾನ. ಕೇಳೋ ಅವನ್ನ, ಏನು ಕಡಿಮಿ ಐತಿ ಅಂತ ಕೇಳು!” ಚಪ್ಪಲಿಯ ಜಾಗ ದಾಟಿ ಜಗುಲಿಯನ್ನೇ ಹತ್ತಿಬಿಟ್ಟಳು. ರಬ್ಬಿ ಎರಡು ಹೆಜ್ಜೆ ಹಿಂದೆ ಸರಿದರು. ದುರಗೇಶ ಬಾಯಿತುಂಬ ರೊಟ್ಟಿ ಇಟ್ಟುಕೊಂಡು ನಕ್ಕ, ನಗುತ್ತಲೇ ಅತ್ತ. ಅವಳನ್ನು ಕೆಳಗಿಳಿಸಿ ಆಟೊ ಹತ್ತಿಸುವಷ್ಟರಲ್ಲಿ ಸಾಕುಬೇಕಾಯಿತು.

ಆಟೊ ಗದ್ದೆಗಳ ನಡುವೆ ಹೊರಟಿತು. ಯಮನೂರ ಒಂದೂ ಪ್ರಶ್ನೆ ಕೇಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಪವಿತ್ರ ದಿನ ಶುರುವಾಗುವ ಮೊದಲು ಈಗ ರಿವ್ಕಾ ದೀಪ ಹಚ್ಚುತ್ತಿರುತ್ತಾಳೆ ಎನಿಸಿತು ದುರಗೇಶನಿಗೆ. ಇಲ್ಲಿ ಕೆಣಕಲು ಗೌಡರಿಲ್ಲ, ಮೆಚ್ಚಿಸಲು ರಬ್ಬಿಯಿಲ್ಲ, ಕುರ್ಚಿ ಕೊಡುವವರಿಲ್ಲ. ಹೊಟ್ಟೆಯಲ್ಲಿ ತಾಯಿಯ ರೊಟ್ಟಿ ಇದೆ. ಕಾರಣಗಳೆಲ್ಲ ಒಂದೊಂದಾಗಿ ಉದುರಿಹೋಗಿವೆ. ಆದರೂ ಮುಳುಗುವ ಆ ಹೊತ್ತಿನ ಮುಂದೆ ಯಾವ ಗುಂಡಿಯನ್ನೂ ಒತ್ತದೆ, ಕೈ ಮಡಚಿಕೊಂಡು ಸುಮ್ಮನಿರಬೇಕೆನಿಸಿತು. ಯಾಕೆ ಎಂದು ಕೇಳಿಕೊಂಡ. ಉತ್ತರ ಬರಲಿಲ್ಲ, ಆಸೆಯೂ ಹೋಗಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಹುಲಿಗವ್ವ ಮಗನ ಮುಖವನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು. ಹಡೆದವಳು, ಅವಳಿಗೆ ತಿಳಿಯದೇ?

“ಮತ್ತ ಬರೋ ವರ್ಷ ಹೋಗಿ ಕೇಳಾಂವೇನು?”

“ಗೊತ್ತಿಲ್ಲ ಬೇ.”

ಕಾಲುವೆಯ ಸೇತುವೆ ದಾಟಿದ ಮೇಲೆ ಅವನ ಗಲ್ಲಕ್ಕೆ ಅಂಟಿದ್ದ ಶೇಂಗಾಪುಡಿಯನ್ನು ಸೆರಗಿನಿಂದ ಒರೆಸಿದಳು.

“ಕೇಳಾಕ ಹೋಗೂದಾದ್ರ ಹೋಗು” ಎಂದಳು. “ಉಂಡು ಹೋಗು.”